ಜನ್ನಾಪುರದಲ್ಲಿ ಚಿತ್ರಕ್ಕೆಷ್ಟು?

ಭದ್ರಾವತಿಯ ಜನ್ನಾಪುರಕ್ಕೆ ಚಿತ್ರ ಕೊಳ್ಳಲೆಂದೇ ದೂರದೂರಿನಿಂದ ಯಾರೂ ಬರುವುದಿಲ್ಲ. ಬಿಳಿ ಗೋಡೆಯ ಗ್ಯಾಲರಿಯಾಗಲಿ, ಮಾರಾಟವಾದ ಚಿತ್ರದ ಪಕ್ಕ ಕೆಂಪು ಚುಕ್ಕೆ ಅಂಟಿಸುವ ಶೋಕಿಯಾಗಲಿ ಇಲ್ಲಿಲ್ಲ. ಆದರೆ ಕುಂಚ ಹಿಡಿದು ಸಂಸಾರ ನಡೆಸುವವರು ಇಲ್ಲಿಯೂ ಅಕ್ಕಪಕ್ಕದ ನ್ಯೂಟೌನು, ಹುತ್ತಾ ಕಾಲೊನಿಯಲ್ಲಿಯೂ ಸಿಗುತ್ತಾರೆ. ಅಂಗಡಿ ಬೋರ್ಡು ಬರೆಯುವವರು, ತೀರಿಹೋದವರ ಭಾವಚಿತ್ರ ಬಿಡಿಸಿಕೊಡುವವರು, ಚೌತಿಗೆ ಗಣಪತಿ ಮಾಡುವವರು, ಶಾಲೆಯ ಗೋಡೆಯ ಮೇಲೆ ಹುಲಿ ಜಿಂಕೆ ಬರೆಯುವವರು. ಇವರು ತಮ್ಮ ಕೆಲಸಕ್ಕೆ ಬೆಲೆ ಹೇಗೆ ಹೇಳುತ್ತಾರೆ, ಕೇಳಿದ ಗಿರಾಕಿ ಏನನ್ನುತ್ತಾನೆ ಎಂದು ನೋಡಲು ಆಷಾಢದ ಮಳೆಯಲ್ಲಿ ಛತ್ರಿ ಹಿಡಿದು ಅಡ್ಡಾಡಿದ ಕಥನ ಇದು.

ಊರಿನ ಹಿನ್ನೆಲೆ ಸ್ವಲ್ಪ ಹೇಳಬೇಕು. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಶುರು ಮಾಡಿತು. 1923ರಲ್ಲಿ ಕುಲುಮೆ ಹೊತ್ತಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎರಡೂ ಸೇರಿ ಊರಿಗೆ ಊರೇ ಒಂದು ಲೆಕ್ಕ ಕಲಿಯಿತು: ಎಂಟು ಗಂಟೆಗೆ ಒಂದು ಶಿಫ್ಟು, ಅದರ ಮೇಲೆ ದುಡಿದರೆ ಓಟಿ, ತಿಂಗಳಾದ ಮೇಲೆ ಸಂಬಳ. ಇಲ್ಲಿ ಓದು ಬಾರದ ಅಜ್ಜಿಗೂ ‘ಜನರಲ್ ಶಿಫ್ಟು’ ಎಂದರೆ ಎಷ್ಟು ಹೊತ್ತಿನದು ಎಂದು ಗೊತ್ತು. ಕಾಗದದ ಯಂತ್ರಗಳು ನಿಂತು ಹತ್ತು ವರ್ಷದ ಆಸುಪಾಸು. ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ಈಗಿನ ವಿಐಎಸ್‌ಎಲ್ ಅನ್ನು, ಮುಚ್ಚುವ ತೀರ್ಮಾನವನ್ನು ಅದರ ಒಡೆತನದ ಸರ್ಕಾರಿ ಉಕ್ಕು ಕಂಪನಿ ಸೇಲ್ 2023ರ ಜನವರಿಯಲ್ಲಿ ಮಾಡಿತು. ಅದರ ವಿರುದ್ಧ ಕಾರ್ಮಿಕರು ಬೀದಿಗಿಳಿದದ್ದು ರಾಜ್ಯಕ್ಕೆಲ್ಲ ಗೊತ್ತು. ಕಾರ್ಖಾನೆ ಸೊರಗಿದರೂ ಗಂಟೆಗೆ ಬೆಲೆ ಕಟ್ಟುವ ಅಭ್ಯಾಸ ಜನರಲ್ಲಿ ಉಳಿದಿದೆ. ಕುಂಚ ಹಿಡಿದವರಲ್ಲಿ ಮಾತ್ರ ಅದು ಕಾಣುವುದಿಲ್ಲ. ಒಬ್ಬರನ್ನು ಬಿಟ್ಟು.

ಆ ಒಬ್ಬರ ಶೆಡ್ಡು ಎನ್‌ಟಿಬಿ ರಸ್ತೆಯಿಂದ ಒಳಗೆ ತಿರುಗಿದ ಒಂದು ಅಡ್ಡರಸ್ತೆಯಲ್ಲಿದೆ. ತಗಡಿನ ಸೂರು, ಕೆಳಗೆ ಎರಡು ಡ್ರಮ್ಮು, ಡ್ರಮ್ಮಿನ ಮೇಲೆ ಅಡ್ಡಲಾಗಿ ಮಲಗಿಸಿದ ಆರಡಿ ಉದ್ದ ಮೂರಡಿ ಅಗಲದ ತಗಡಿನ ಬೋರ್ಡು. ಪ್ರೈಮರ್ ಒಣಗಿದೆ, ಮೇಲೆ ಹಳದಿ ಎನಾಮಲ್ ಬಿದ್ದಿದೆ. ಅವರು ಬಳಪದ ಪುಡಿ ಹಚ್ಚಿದ ದಾರವನ್ನು ಒಂದು ತುದಿಯಲ್ಲಿ ಮಗನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಎಳೆದು ಹಿಡಿದು, ನಡುವೆ ಬೆರಳಲ್ಲಿ ಎತ್ತಿ ಬಿಟ್ಟರು. ಟಪ್ಪೆಂದು ಹೊಡೆದು ನೇರ ಗೆರೆ ಮೂಡಿತು. ಹೀಗೆ ನಾಲ್ಕು ಗೆರೆ. ಆಮೇಲೆ ಬಳಪದಿಂದ ಅಕ್ಷರದ ಎಲುಬು ಗೀಚಿ, ಚಪ್ಪಟೆ ಕುಂಚವನ್ನು ಕೆಂಪಿನಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಎರಡು ಸಲ ಒರೆಸಿ, ‘ಪ್ರಾ’ ಎಳೆದರು. ಕೈ ನಡುಗದಂತೆ ಬಲಗೈ ಮಣಿಕಟ್ಟಿನ ಕೆಳಗೆ ಒಂದು ಮರದ ಕೋಲು. ರಾವೊತ್ತು ಸುಮ್ಮನೆ ಹೀಗೆ ಬಂದು ಕೂತಿತು. ಕಂಪ್ಯೂಟರಿನ ಫಾಂಟುಗಳಲ್ಲಿ ಇಂಥ ಹೊಟ್ಟೆ ತುಂಬಿದ ರಾವೊತ್ತು ನಾನು ನೋಡಿಲ್ಲ.

ಹಳೇ ಕಾಲದಲ್ಲಿ ಬೋರ್ಡಿಗೆ ಎರಡು ಬಗೆಯ ದರವಿತ್ತಂತೆ: ಅಕ್ಷರಕ್ಕಿಷ್ಟು, ಇಲ್ಲವೇ ಚದರಡಿಗಿಷ್ಟು. ಎರಡರಲ್ಲೂ ಬರೆಯುವವನಿಗೇ ಪಂಗನಾಮ. ಅಕ್ಷರದ ಲೆಕ್ಕದಲ್ಲಿ ಇಂಗ್ಲಿಷಿನ ‘ಸ್ಟೋರ್ಸ್’ ಆರು ಅಕ್ಷರ, ಕನ್ನಡದ್ದು ಎರಡೇ. ಸಕಾರದ ಅಡಿ ಟಕಾರ, ಮೇಲೆ ಓಕಾರ, ಕೊನೆಗೊಂದು ಅರ್ಕಾವೊತ್ತು, ಇಷ್ಟೆಲ್ಲ ತಿದ್ದಿದರೂ ಗಿರಾಕಿ ಬೆರಳು ಮಡಚಿ ಎಣಿಸುವುದು ಎರಡು. ಕನ್ನಡದ ಬೋರ್ಡು ಬರೆದವನು ಇಂಗ್ಲಿಷಿನವನಿಗಿಂತ ಕಡಿಮೆ ದುಡಿದ ಎಂದಾಯಿತಲ್ಲ! ಚದರಡಿ ಲೆಕ್ಕಕ್ಕೆ ಬಂದರೆ ಬೇರೆ ಮೋಸ. ಒಂದೇ ಬೋರ್ಡಿನಲ್ಲಿ ಎರಡಡಿ ಎತ್ತರದ ನಾಲ್ಕು ಅಕ್ಷರ ಬರೆಯುವುದು ಸಲೀಸು. ಅದೇ ಜಾಗದಲ್ಲಿ ‘ಇಲ್ಲಿ ಎಲ್ಲಾ ತರಹದ ಪೂಜಾ ಸಾಮಗ್ರಿಗಳು ಯೋಗ್ಯ ಬೆಲೆಗೆ ದೊರೆಯುತ್ತವೆ’ ಎಂದು ಅಂಗೈ ಅಗಲದಲ್ಲಿ ಬರೆಯಬೇಕಾದರೆ ದಿನವೇ ಹೋಗುತ್ತದೆ. ಚದರಡಿ ಮಾತ್ರ ಅಷ್ಟೇ.

ಇವರು ಯುವಕರಾಗಿದ್ದಾಗ ಕಾರ್ಖಾನೆಯಲ್ಲಿ ಗುತ್ತಿಗೆ ಪೇಂಟರ್ ಆಗಿದ್ದವರು. ‘ಡೇಂಜರ್’ ಬರೆದೂ ಬರೆದೂ ತಲೆಬುರುಡೆ ಕಣ್ಮುಚ್ಚಿಕೊಂಡೇ ಬರುತ್ತದೆ ಎಂದು ನಕ್ಕರು. ಅಲ್ಲಿಂದ ಹೊರಬಿದ್ದಾಗ ಜತೆಯಲ್ಲಿ ತಂದದ್ದು ಶಿಫ್ಟಿನ ಲೆಕ್ಕ.

“ನಂದು ಸಿಂಪಲ್ ಸಾರ್. ಗಾರೆ ಮೇಸ್ತ್ರಿಗೆ ಈ ಊರಲ್ಲಿ ದಿನಕ್ಕೆ ಎಷ್ಟು ನಡೀತಾ ಇದೆಯೋ ಅದರ ಮೇಲೆ ಇನ್ನೂರು. ಇಷ್ಟೇ ನನ್ನ ಶಿಫ್ಟು. ತಗಡು, ಪೇಂಟು ಅವರೇ ತಂದುಕೊಟ್ಟರೂ ಸೈ, ನಾನು ತಂದು ಅಂಗಡಿ ಚೀಟಿ ತೋರಿಸಿದರೂ ಸೈ.”

ಮುಂದಿದ್ದ ಬೋರ್ಡು ಎರಡು ಶಿಫ್ಟಿನದು. ಮೇಸ್ತ್ರಿಗೆ ಸಾವಿರವೆಂದರೆ ಇವರದು ಸಾವಿರದಿನ್ನೂರು. ಎರಡು ದಿನಕ್ಕೆ 2,400, ಸಾಮಾನು ಸುಮಾರು ಸಾವಿರದ ನೂರು, ಒಟ್ಟು ಮೂರೂವರೆ ಸಾವಿರ. ಹದಿನೆಂಟು ಚದರಡಿಗೆ ಹಂಚಿದರೆ ಅಡಿಗೆ ಇನ್ನೂರರ ಹತ್ತಿರ ಬೀಳುತ್ತದೆ. ಅದನ್ನೇ ನೇರವಾಗಿ “ಅಡಿಗೆ ಇನ್ನೂರು” ಎಂದು ಹೇಳಿದ್ದರೆ ಗಿರಾಕಿ ಹಾರಿಬೀಳುತ್ತಿದ್ದ. ಮೇಸ್ತ್ರಿಯ ಕೂಲಿಯ ಜತೆ ಕಟ್ಟಿ ಹೇಳಿದ್ದಕ್ಕೆ ತಕರಾರು ತೆಗೆಯಲು ಬಾಯಿ ಬರುವುದಿಲ್ಲ, ಯಾಕೆಂದರೆ ಮನೆ ಕಟ್ಟಿಸಿದ ಪ್ರತಿಯೊಬ್ಬನಿಗೂ ಆ ಕೂಲಿ ಎಷ್ಟೆಂದು ಗೊತ್ತು. ನನ್ನ ಮಟ್ಟಿಗೆ ಇಡೀ ಜನ್ನಾಪುರದಲ್ಲಿ ಕೇಳಿದ ಅತ್ಯಂತ ಜಾಣ ದರಪಟ್ಟಿ ಇದೇ.

ಹಾಗಂತ ಚೌಕಾಸಿ ನಡೆಯುವುದೇ ಇಲ್ಲವೆಂದಲ್ಲ. ನಾನು ಕೂತಿದ್ದಾಗಲೇ ಬೇಕರಿ ತೆರೆಯಲಿದ್ದ ಒಬ್ಬ ಹುಡುಗ ಬೈಕು ನಿಲ್ಲಿಸಿದ.

“ಅಣ್ಣಾ, ಫ್ಲೆಕ್ಸ್‌ನಲ್ಲಿ ಅಡಿಗೆ ಹನ್ನೆರಡು ರೂಪಾಯಿ ಅಂತಾರೆ. ನೀವು ನೋಡಿದ್ರೆ ಎರಡು ದಿನದ ಕೂಲಿ ಹೇಳ್ತೀರಿ.”

“ಫ್ಲೆಕ್ಸೇ ಹಾಕ್ಸಪ್ಪ. ಎರಡು ಮಳೆಗಾಲ ಆದ್ಮೇಲೆ ಬಾ, ನಾನಿಲ್ಲೇ ಇರ್ತೀನಿ.”

ಹುಡುಗ ಹೋದ. ವಾಪಸು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಫ್ಲೆಕ್ಸ್ ಅಂಗಡಿಯ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಯಂತ್ರ ಚದರಡಿಯನ್ನೇ ಉಗುಳುತ್ತದೆ, ಚದರಡಿಯೇ ಬಿಲ್ಲು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸನ್ನೂ ಸೇರಿಸಿದಾಗ ಕೈಬರಹದವರಿಗೆ ಒಂದಷ್ಟು ಆಸೆ ಹುಟ್ಟಿತ್ತು. ಫ್ಲೆಕ್ಸ್ ಎಲ್ಲಿ ಹೋಗಿದೆ ಎಂದು ಯಾವುದೇ ರಾಜಕಾರಣಿಯ ಹುಟ್ಟುಹಬ್ಬದ ದಿನ ನೋಡಬಹುದು. 2024ರಲ್ಲಿ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂಬ ಕಾನೂನು ಬಂದಾಗ ಮತ್ತೊಂದು ಸಲ ಆಸೆ. ಆ ಕೆಲಸವೂ ಬಹುಪಾಲು ವಿನೈಲು, ಅಕ್ರಿಲಿಕ್ ಅಕ್ಷರದವರ ಪಾಲಾಯಿತು.

ಅಲ್ಲಿಂದ ಮುಂದೆ ಫೋಟೊ ಫ್ರೇಮ್ ಹಾಕುವ ಅಂಗಡಿ. ಕೊಳ್ಳುವವರ ಮನಸ್ಸು ಓದಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಒಂದಡಿ ಅಗಲ ಒಂದೂವರೆ ಅಡಿ ಎತ್ತರದ ಚಿತ್ರಕ್ಕೆ ಸುತ್ತಳತೆ ಐದಡಿ. ಮೋಲ್ಡಿಂಗ್ ಪಟ್ಟಿಗೆ ಓಟದ ಅಡಿಗೆ ಇಷ್ಟು, ಗಾಜಿಗೆ ಇಷ್ಟು, ಹಿಂದಿನ ಹಾರ್ಡ್‌ಬೋರ್ಡಿಗೆ ಇಷ್ಟು. ಅಂಗಡಿಯವರು ಟೇಪು ಹಿಡಿದು ಗಿರಾಕಿಯ ಕಣ್ಣೆದುರೇ ಅಳೆದು, ಕ್ಯಾಲ್ಕುಲೇಟರ್ ಒತ್ತಿ, ಸಂಖ್ಯೆಯನ್ನು ತಿರುಗಿಸಿ ತೋರಿಸುತ್ತಾರೆ. ಗಿರಾಕಿ ಪರ್ಸು ತೆಗೆಯುತ್ತಾನೆ. ಅದೇ ಅಂಗಡಿಯ ಗೋಡೆಯಲ್ಲಿ ಶಿವಮೊಗ್ಗದಲ್ಲಿ ಕಲೆ ಓದುತ್ತಿರುವ ಸ್ಥಳೀಯ ಹುಡುಗನೊಬ್ಬ ಬಿಡಿಸಿದ ಜಲವರ್ಣ ನೇತಾಡುತ್ತಿದೆ: ಭದ್ರಾ ಹೊಳೆ, ಹಿಂದೆ ಕಾರ್ಖಾನೆಯ ಹೊಗೆಕೊಳವೆ. ಚಿತ್ರಕ್ಕೆ 800, ಫ್ರೇಮಿಗೆ 900. ನೋಡಿದವರೆಲ್ಲ ಚಿತ್ರವನ್ನು ಐನೂರಕ್ಕೆ ಕೇಳುತ್ತಾರೆ. ಫ್ರೇಮಿನ ಬೆಲೆಯ ಬಗ್ಗೆ ಒಬ್ಬರೂ ತುಟಿಪಿಟಕ್ಕೆನ್ನುವುದಿಲ್ಲ.

“ಫ್ರೇಮು ಮರದ್ದು ಸಾರ್, ಕಾಣುತ್ತೆ. ಇದು ಪೇಪರ್ ಅಲ್ವಾ” ಎಂದು ಅಂಗಡಿಯವರೇ ಸಮಜಾಯಿಷಿ ಕೊಟ್ಟರು. ಕಾಗದದಿಂದಲೇ ಬದುಕಿದ ಊರಲ್ಲಿ ಕಾಗದಕ್ಕೆ ಬಂದ ಗತಿ. ಅಳತೆ ಪಟ್ಟಿ ಇಟ್ಟ ಕಡೆ ಜನ ನಂಬುತ್ತಾರೆ, ಇಡದ ಕಡೆ ಕೇಳುತ್ತಾರೆ, ಅವರದೂ ತಪ್ಪೆನ್ನಲಾಗದು. ಎಂಟುನೂರು ಎಲ್ಲಿಂದ ಬಂತು ಎಂದು ಆ ಹುಡುಗನನ್ನು ಕೇಳಿದರೆ ಅವನಿಗೂ ಹೇಳಲು ಬಾರದು. “ಸಾವಿರ ಅಂದ್ರೆ ಜಾಸ್ತಿ ಆಗುತ್ತೇನೋ ಅನ್ನಿಸ್ತು” ಎಂದನಂತೆ.

ಭಾವಚಿತ್ರ ಬಿಡಿಸುವವರ ಮನೆ ಕೆರೆಯ ಕಡೆಗೆ. ಗೃಹಿಣಿ, ಭಾನುವಾರ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸು, ಉಳಿದ ದಿನ ಮೊಬೈಲಿನಲ್ಲಿ ಬಂದ ಆರ್ಡರು. ಇವರ ದರ ತಲೆಲೆಕ್ಕದ್ದು, ಅಕ್ಷರಶಃ. ಎ3 ಹಾಳೆಯಲ್ಲಿ ಪೆನ್ಸಿಲ್ ಚಿತ್ರ, ಒಂದು ಮುಖಕ್ಕೆ ಒಂದೂವರೆ ಸಾವಿರ; ಮೇಲಿನ ಪ್ರತಿ ಮುಖಕ್ಕೆ ಏಳುನೂರು. ಸೀರೆಯ ಬುಟ್ಟಾ, ಜರಿ ಅಂಚು ಎಲ್ಲ ಬೇಕೆಂದರೆ ಬೇರೆ. ಕೂದಲಿಗಿಂತ ಸೀರೆ ಹೆಚ್ಚು ಹೊತ್ತು ಹಿಡಿಯುತ್ತದಂತೆ.

“ಆಧಾರ್ ಕಾರ್ಡಿನ ಫೋಟೊ ಕಳಿಸಿ, ‘ಅಪ್ಪ ನಗ್ತಾ ಇರೋ ಹಾಗೆ ಬರೀರಿ ಅಕ್ಕಾ’ ಅಂತಾರೆ. ಆ ಫೋಟೊದಲ್ಲಿ ಯಾರು ನಕ್ಕಿರ್ತಾರೆ ಹೇಳಿ?”

ಮೊದಲೆಲ್ಲ ಬಿಡಿಸಿ ಮುಗಿಸಿದ ಮೇಲೆ ದುಡ್ಡು ಕೇಳುತ್ತಿದ್ದರು. ಆಗ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ತಿದ್ದುಪಡಿ ಹೇಳುತ್ತಿದ್ದರಂತೆ. ತಂಗಿಗೆ ಮೂಗು ಸರಿಯಿಲ್ಲ, ಸೊಸೆಗೆ ಕಿವಿ ದೊಡ್ಡದು, ದುಬೈಯಲ್ಲಿರುವ ಮಗನಿಗೆ ಮೀಸೆ ಬೆಳ್ಳಗಾಯಿತು. ಈಗ ಅರ್ಧ ಮುಂಗಡ, ಪೆನ್ಸಿಲಿನ ಹೊರಗೆರೆ ಆದಾಗ ಒಂದು ಫೋಟೊ ಕಳಿಸುತ್ತಾರೆ, ಹೇಳುವುದನ್ನು ಆಗಲೇ ಹೇಳಬೇಕು. ಎರಡನೆಯ ತಿದ್ದುಪಡಿಯ ಮೇಲೆ ಮುನ್ನೂರು. ಈ ನಿಯಮ ತಂದ ಮೇಲೆ ಎಲ್ಲರ ಮೂಗೂ ಸರಿಯಾಗಿಯೇ ಬರುತ್ತಿವೆ ಎಂದು ಅವರು ಹೇಳುವಾಗ ಒಳಗಿನಿಂದ ಅತ್ತೆಯೂ ನಕ್ಕರು.

ನಂಟರ ಕಾಟಕ್ಕೆ ಇವರು ಹುಡುಕಿಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ನಾದಿನಿ, ಓರಗಿತ್ತಿ, ಚಿಕ್ಕಮ್ಮನ ಮಗಳು, ಎಲ್ಲರಿಗೂ ಒಂದೊಂದು ಬೇಕು, ದುಡ್ಡಿನ ಮಾತಿಲ್ಲ. ಬೇಡವೆನ್ನುವಂತಿಲ್ಲ. ಬರೆದುಕೊಡುತ್ತಾರೆ, ಜತೆಗೆ ಬಿಲ್ಲನ್ನೂ ಕೊಡುತ್ತಾರೆ: 2,200 ಎಂದು ಬರೆದು, ಅಡ್ಡಗೆರೆ ಎಳೆದು, ಕೆಳಗೆ ‘ಉಡುಗೊರೆ’. ತೆಗೆದುಕೊಂಡವರು ಇನ್ನೊಬ್ಬರಿಗೆ ತೋರಿಸುವಾಗ ಚಿತ್ರದ ಜತೆ ಆ ಬೆಲೆಯನ್ನೂ ಹೇಳುತ್ತಾರೆ; ಅಲ್ಲಿಂದ ದುಡ್ಡು ಕೊಡುವ ಗಿರಾಕಿ ಬರುತ್ತಾರೆ.

ಒಂದು ಮುಖಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಕೇಳಿದೆ. ಅಡುಗೆ, ಮಗುವಿನ ಹೋಂವರ್ಕು, ಮಧ್ಯೆ ಮಧ್ಯೆ ಕೂತು ಬರೆಯುವುದರಿಂದ ಲೆಕ್ಕ ಇಟ್ಟಿರಲಿಲ್ಲ. ಬೆರಳು ಮಡಚುತ್ತ ಹೋದರು. ಹನ್ನೆರಡರಿಂದ ಹದಿನೈದಕ್ಕೆ ಬಂದು ನಿಂತಿತು. ಗಂಟೆಗೆ ನೂರು ರೂಪಾಯಿಯಷ್ಟಾಯಿತು. ಅಡ್ಡರಸ್ತೆಯ ಬೋರ್ಡಿನವರದು ಗಂಟೆಗೆ ನೂರೈವತ್ತು. ಮುಖದ ಹೋಲಿಕೆ ಹಿಡಿಯುವ ಕೈಗೆ ಅಕ್ಷರ ಬರೆಯುವ ಕೈಗಿಂತ ಕಡಿಮೆ ಯಾಕೆ ಎಂದರೆ, ಇವರು ಮನೆಯಲ್ಲಿ ಕೂತು ಮಾಡುತ್ತಾರೆ ಎಂಬುದು ಬಿಟ್ಟರೆ ಬೇರೆ ಕಾರಣ ನನಗೆ ಕಾಣಲಿಲ್ಲ. ಕಾರ್ಖಾನೆಗಳು ತುಂಬಿ ನಡೆಯುತ್ತಿದ್ದಾಗ ನಿವೃತ್ತಿಯಾದವರಿಗೆ ಸಹೋದ್ಯೋಗಿಗಳೆಲ್ಲ ಚಂದಾ ಎತ್ತಿ ಭಾವಚಿತ್ರ ಬರೆಸಿ ಕೊಡುವ ವಾಡಿಕೆಯಿತ್ತು. ಹತ್ತಾರು ಜನರ ಚಂದಾ, ಹಾಗಾಗಿ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಆ ಗಿರಾಕಿ ಈಗ ಕಡಿಮೆ. ಬದಲಿಗೆ, ಮೊಬೈಲ್ ಆ್ಯಪಿನಲ್ಲಿ ಫೋಟೊವನ್ನು ಪೆನ್ಸಿಲ್ ಚಿತ್ರ ಮಾಡಿಕೊಂಡು ಬಂದು “ಇದು ಬಿಟ್ಟಿ ಬರುತ್ತಲ್ಲ ಅಕ್ಕಾ” ಎನ್ನುವವರು ಹೊಸ ಗಿರಾಕಿಗಳು.

ಇನ್ನು ಗಣಪತಿ. ಆಷಾಢ ಮುಗಿಯುವ ಹೊತ್ತಿಗೆ ಮೂರ್ತಿ ಮಾಡುವವರ ಶೆಡ್ಡಿನೊಳಗೆ ಕಾಲಿಡಲು ಜಾಗವಿರುವುದಿಲ್ಲ. ಕೆರೆಯ ಜೇಡಿಮಣ್ಣನ್ನು ಕಲ್ಲು ಕಡ್ಡಿ ಆರಿಸಿ, ತುಳಿದು, ಹದ ಮಾಡಿ ಗೋಣಿಚೀಲ ಹೊದಿಸಿ ಇಟ್ಟಿದ್ದರು. ಮಲೆನಾಡಿನ ಅಂಚಿನ ಈ ಊರಲ್ಲಿ ಮಣ್ಣಿಗಿಂತ ತುಟ್ಟಿಯಾದದ್ದು ಬಿಸಿಲು. ಮಳೆ ಹಿಡಿದರೆ ಮೂರ್ತಿ ಒಣಗುವುದಿಲ್ಲ, ಬೇಗ ಒಣಗಿಸಲು ಹೋದರೆ ಸೊಂಡಿಲ ಬುಡದಲ್ಲಿ ಬಿರುಕು. ಕೆಂಡದ ಬಾಣಲೆ, ದೊಡ್ಡ ಬಲ್ಬು, ಫ್ಯಾನು, ಈ ಖರ್ಚನ್ನು ಗಿರಾಕಿ ನೋಡುವುದೇ ಇಲ್ಲ.

ಇಲ್ಲಿ ಎರಡು ಥರದ ಗಿರಾಕಿ, ಎರಡು ಥರದ ವ್ಯವಹಾರ. ಗೋಡೆಯ ಬದಿಗೆ ಸಾಲಾಗಿ ಒರಗಿಸಿಟ್ಟಿದ್ದ ಮರದ ಮಣೆಗಳನ್ನು ನೋಡಿ. ಹಳೆಯ ಮನೆತನಗಳವರು ನಾಗರಪಂಚಮಿಯ ಆಸುಪಾಸಿಗೆ ತಮ್ಮ ಮನೆಯ ಮಣೆಯನ್ನೇ ತಂದು, ಎಲೆ ಅಡಿಕೆ ಇಟ್ಟು ಒಪ್ಪಿಸಿ ಹೋಗುತ್ತಾರೆ. ಗಣಪತಿ ಅದೇ ಮಣೆಯ ಮೇಲೆ ಮೂಡಬೇಕು. ಹಿಂಭಾಗದಲ್ಲಿ ಬಳಪದಿಂದ ಮನೆಯ ಹೆಸರು. ಕೆಲವು ಮಣೆಗಳಿಗೆ ತಾತನ ಕಾಲದ ಎಣ್ಣೆಜಿಡ್ಡು. ಇವರು ಬೆಲೆ ಕೇಳುವುದಿಲ್ಲ, ಮಾಡುವವರು ಹೇಳುವುದಿಲ್ಲ. ಚೌತಿಯ ದಿನ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ದಕ್ಷಿಣೆ ತಂದು, ಕೈಮುಗಿದು ಒಯ್ಯುತ್ತಾರೆ. ಲಕೋಟೆಯಲ್ಲಿ ಒಬ್ಬರು 501 ಇಟ್ಟರೆ ಇನ್ನೊಬ್ಬರು 2,001. ಕಡಿಮೆ ಕೊಟ್ಟವರ ಮೇಲೆ ಬೇಸರವಿಲ್ಲವೇ ಎಂದೆ. ಕೈಗೆ ಮಣ್ಣು ಮೆತ್ತಿಕೊಂಡಿದ್ದ ಹಿರಿಯರು ಕತ್ತೆತ್ತಲಿಲ್ಲ.

“ಬೇಸರ ಎಂಥದು. ಹೋದ ವರ್ಷದ ದಕ್ಷಿಣೆ ಈ ವರ್ಷದ ಕಿರೀಟದಲ್ಲಿ ಕಾಣುತ್ತೆ ಬಿಡಿ.”

ಇನ್ನೊಂದು ಗಿರಾಕಿ ಬೀದಿಯ ಯುವಕರ ಸಂಘ. ಇವರ ಜತೆ ಮಾತೇ ಬೇರೆ. ಒಂದಡಿಯದು ಸಾವಿರ ಎಂದರೆ ಎರಡಡಿಯದು ಎರಡು ಸಾವಿರಕ್ಕೆ ಬರಬೇಕು, ಐದಡಿಯದು ಐದಕ್ಕೆ. ಆದರೆ ಎತ್ತರ ದುಪ್ಪಟ್ಟಾದರೆ ಬಣ್ಣ ಬಳಿಯುವ ಮೈ ನಾಲ್ಕು ಪಟ್ಟಾಗುತ್ತದೆ, ಗಟ್ಟಿಯಾಗಿ ತುಂಬಿದರೆ ಮಣ್ಣು ಎಂಟು ಪಟ್ಟು. ಅದಕ್ಕೇ ದೊಡ್ಡದರ ಒಳಗೆ ಹುಲ್ಲು, ಕೋಲು ಕಟ್ಟಿ ಪೊಳ್ಳು ಬಿಡುವುದು. ಆಗ ಕೂಲಿ ಏರುತ್ತದೆ. ಎರಡಡಿಗೆ ಮೂರೂವರೆ ಸಾವಿರ ಎಂದಾಗ ಇದನ್ನೆಲ್ಲ ವಿವರಿಸಲು ಯಾರಿಗೆ ಪುರುಸೊತ್ತು? ಚಂದಾ ರಸೀದಿ ಪುಸ್ತಕ ಹಿಡಿದು ಬಂದ ಹುಡುಗರು ಶಾಮಿಯಾನ, ಡಿಜೆಗೆ ಕೇಳಿದಷ್ಟು ಕೊಟ್ಟು, ಮಣ್ಣಿಗೆ ಬಂದಾಗ ಮಾತ್ರ ಲೆಕ್ಕಪರಿಶೋಧಕರಾಗುತ್ತಾರೆ. ಹೊಸಮನೆಯ ಹಿಂದೂ ಮಹಾಸಭಾ ಗಣಪತಿಯ ಮೆರವಣಿಗೆಗೆ ಊರೆಲ್ಲ ಸೇರುವ ಭದ್ರಾವತಿಯಲ್ಲಿ ತಮ್ಮ ಬೀದಿಯ ಮೂರ್ತಿ ಪಕ್ಕದ ಬೀದಿಯದಕ್ಕಿಂತ ಒಂದು ಗೇಣಾದರೂ ಎತ್ತರವಿರಬೇಕೆಂಬ ಹಟ ಬೇರೆ.

ಶಾಲೆಯ ಗೋಡೆಗಳ ಕಥೆ ಚುಟುಕಾದದ್ದು. ಸರ್ಕಾರಿ ಶಾಲೆಯ ಗೋಡೆಗೆ ರೈಲುಬಂಡಿ, ಮಗ್ಗಿ, ಕರ್ನಾಟಕದ ನಕ್ಷೆ ಬರೆಸಲು ದಾನಿಗಳು ಸಿಗುತ್ತಾರೆ. ಮೇಷ್ಟರು ಪ್ರೀತಿಯಿಂದಲೇ ಕರೆಯುತ್ತಾರೆ, ಊಟ ಹಾಕಿಸುತ್ತಾರೆ. ತೊಡಕು ಬರುವುದು ಬ್ಯಾಂಕು, ಕಂಪನಿಯ ಹಣವಾದರೆ: ಜಿಎಸ್‌ಟಿ ಬಿಲ್ಲು ಬೇಕು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ವಹಿವಾಟು ಮುಟ್ಟದವರಿಗೆ ನೋಂದಣಿ ಕಡ್ಡಾಯವಲ್ಲ. ಗೋಡೆ ಬರೆಯುವವರು ಅದರ ಹತ್ತಿರವೂ ಸುಳಿಯುವವರಲ್ಲ. ಹಾಗಾಗಿ ನೋಂದಣಿಯಿರುವ ಯಾರೋ ಗುತ್ತಿಗೆ ಹಿಡಿದು, ಇವರಿಗೆ ಒಳಗುತ್ತಿಗೆ ಕೊಟ್ಟು, ನಡುವಿನ ಪಾಲು ಜೇಬಿಗಿಳಿಸುತ್ತಾರೆ. ಚಿತ್ರ, ಶಿಲ್ಪಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ, ಆದರೆ ಅದರ ಲಾಭ ಬಿಲ್ಲು ಹರಿಯುವವರಿಗೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬಿನ ಪಟ್ಟಿಯಲ್ಲಿ ಕುಂಬಾರರಿದ್ದಾರೆ, ಶಿಲ್ಪಿಗಳಿದ್ದಾರೆ, ಗೊಂಬೆ ಮಾಡುವವರಿದ್ದಾರೆ. ಬೋರ್ಡು, ಗೋಡೆ ಬರೆಯುವವರಿಲ್ಲ. ಸಲಕರಣೆಗೆ ಕೊಡುವ 15,000 ರೂಪಾಯಿ ಗಣಪತಿಯವರಿಗೆ ಸಿಗಬಹುದು, ಅಡ್ಡರಸ್ತೆಯ ಕುಂಚದವರಿಗೆ ಇಲ್ಲ.

ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಸಾಗರ ಸೊರಬದ ಕಡೆ, ಬೆಲೆಯ ಸಮಸ್ಯೆ ಬೇರೆಯೇ ರೂಪದಲ್ಲಿದೆ. ಗುಡಿಗಾರರ ಶ್ರೀಗಂಧದ ಕೆತ್ತನೆಯಲ್ಲಿ ಮರದ ತೂಕವೇ ಬೆಲೆಯ ಬಹುಪಾಲನ್ನು ನುಂಗುತ್ತದೆ, ಉಳಿ ಹಿಡಿದವನ ದಿನಗಳು ಕೊನೆಯ ಸಾಲಿಗೆ ಬರುತ್ತವೆ. ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಮದುವೆ ಮನೆಯ ಗೋಡೆಗೆಂದು ಹುಟ್ಟಿದ್ದು. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಪುಂಡಿನಾರಿನ ಕುಂಚ, ಯಾವುದಕ್ಕೂ ಅಂಗಡಿಯ ಚೀಟಿಯಿಲ್ಲ. ಅದನ್ನು ಚೌಕಟ್ಟಿನೊಳಗೆ ತಂದು ಮಾರುವಾಗ ಎಷ್ಟು ಹೇಳಬೇಕೆಂದು ಅಜ್ಜಿಯರಿಗೆ ತೋಚದಿದ್ದರೆ ಆಶ್ಚರ್ಯವಿಲ್ಲ. ತೋಚುವುದು ಮಧ್ಯವರ್ತಿಗೆ.

ಫ್ರೇಮಿನಂಗಡಿಯ ಗೋಡೆಯ ಜಲವರ್ಣದ ಹುಡುಗ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಬಂದಿದ್ದಾನೆ. 2003ರಿಂದ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಸುವ ಸಂತೆ ಅದು. ನೂರು ರೂಪಾಯಿಯಿಂದ ಲಕ್ಷದವರೆಗೂ ಚಿತ್ರ ಸಿಗುತ್ತವೆ. ಅಲ್ಲಿ ಅವನ ಎಂಟುನೂರರ ಭದ್ರಾ ಹೊಳೆಯನ್ನು ಯಾರೂ ತಿರುಗಿ ನೋಡಲಿಲ್ಲವಂತೆ. ಮಧ್ಯಾಹ್ನದ ಮೇಲೆ ಪಕ್ಕದ ಹಿರಿಯ ಕಲಾವಿದರ ಮಾತು ಕೇಳಿ ಮೂರು ಸಾವಿರದ ಚೀಟಿ ಅಂಟಿಸಿದ, ಒಂದು ಮಾರಾಟವಾಯಿತು. ಬಂಡಿಚಾರ್ಜು, ಊಟ ಕಳೆದು ಸ್ವಲ್ಪ ಉಳಿಯಿತು. ಊರಿಗೆ ಬಂದು ಫ್ರೇಮಿನಂಗಡಿಯಲ್ಲಿ ಮತ್ತೆ ಎಂಟುನೂರು! ಬೆಂಗಳೂರಿಗೊಂದು, ಭದ್ರಾವತಿಗೊಂದು ಬೆಲೆ ಇಡುವುದು ಸಲ್ಲ. ಅಲ್ಲಿ ಮೂರು ಸಾವಿರ ಕೊಟ್ಟವರು ಎಂದಾದರೂ ಇಲ್ಲಿಗೆ ಬಂದರೆ ಮೋಸ ಹೋದೆವೆಂದೇ ತಿಳಿಯುತ್ತಾರೆ. ಇದನ್ನು ಅವನಿಗೂ ಹೇಳಿದೆ.

ಅವನು ಹುಸೇನರ ಹೆಸರೆತ್ತಿದ. ಸರಿಯಾದ ಉದಾಹರಣೆಯೇ, ಬೇರೊಂದು ಕಾರಣಕ್ಕೆ. ಎಂ.ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದಾಗ ಅವರಿಗೆ ಸಿಗುತ್ತಿದ್ದದ್ದು ಚದರಡಿಗೆ ಕೆಲವೇ ಆಣೆ. ಅವರು 1954ರಲ್ಲಿ ಬರೆದ ‘ಗ್ರಾಮ ಯಾತ್ರೆ’ 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಮೂರಡಿಯಷ್ಟು ಎತ್ತರ, ಹದಿನಾಲ್ಕು ಅಡಿಗೆ ಸಮೀಪ ಅಗಲ; ಅದನ್ನೂ ಚದರಡಿಗೆ ಇಳಿಸಿದರೆ ಅಡಿಗೆ ಮೂರು ಕೋಟಿಯ ಹತ್ತಿರ. ಆಗ ಹುಸೇನರು ತೀರಿಕೊಂಡು ಹದಿನಾಲ್ಕು ವರ್ಷವಾಗುತ್ತ ಬಂದಿತ್ತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 53ಎ ಎಂಬ ಕಲಮಿದೆ: ಮೂಲ ಚಿತ್ರ ಹತ್ತು ಸಾವಿರಕ್ಕೂ ಮೇಲ್ಪಟ್ಟ ಬೆಲೆಗೆ ಮರುಮಾರಾಟವಾದರೆ ಕಲಾವಿದನಿಗೆ ಶೇ 10 ಮೀರದ ಪಾಲು ಸಲ್ಲಬೇಕು. ಜನ್ನಾಪುರದಲ್ಲಿ ನಾನು ಮಾತನಾಡಿಸಿದ ಯಾರೂ ಇದನ್ನು ಕೇಳಿರಲಿಲ್ಲ.

ಹುಸೇನರಿಗಿಂತ ಹತ್ತಿರದ ಉದಾಹರಣೆ ನಮ್ಮ ಕೆ. ವೆಂಕಟಪ್ಪ (1886–1965). ಮೈಸೂರು ಅರಮನೆಗೆ ಮಾಡಿಕೊಟ್ಟ ಉಬ್ಬುಶಿಲ್ಪಗಳ ಹಣದ ವಿಚಾರದಲ್ಲಿ 1940ರ ದಶಕದಲ್ಲಿ ಕೋರ್ಟಿನ ಮೆಟ್ಟಿಲೇರಿದವರು. ಕಲಾವಿದನ ಕೆಲಸಕ್ಕೆ ಕುಶಲಕರ್ಮಿಯ ಕೂಲಿಯಂತೆ ಬೆಲೆ ಕಟ್ಟಬಹುದೇ ಎಂಬ ಪ್ರಶ್ನೆ ಆ ಜಗಳದ ಒಳಗಿತ್ತು. ವೆಂಕಟಪ್ಪನವರ ಸ್ವಾಭಿಮಾನಕ್ಕೆ ತಲೆಬಾಗುತ್ತೇನೆ. ಆದರೆ ಜನ್ನಾಪುರ ಸುತ್ತಿದ ಮೇಲೆ ನನಗನ್ನಿಸುವುದು, ಕೂಲಿಯ ಲೆಕ್ಕ ಕಲಾವಿದನಿಗೆ ಅವಮಾನವಲ್ಲ. ಮೇಸ್ತ್ರಿಯ ಕೂಲಿಯ ಮೇಲೆ ಇನ್ನೂರು ಸೇರಿಸಿ ಹೇಳಿದವರ ಮನೆಯಲ್ಲಿ ತಿಂಗಳ ಕೊನೆಗೆ ದಿನಸಿ ಇದೆ; “ಜಾಸ್ತಿ ಆಗುತ್ತೇನೋ” ಎಂದು ಅಂದಾಜಿನಲ್ಲಿ ಹೇಳಿದವರು ಫ್ರೇಮಿಗಿಂತ ಅಗ್ಗವಾದರು. ಮೊದಲು ಶಿಫ್ಟಿನ ಕೂಲಿ ಗಟ್ಟಿಯಾಗಲಿ, ಹೆಸರಿನ ಬೆಲೆ ಅದರ ಮೇಲೆ ಏರಲಿ.

ಜನ್ನಾಪುರದಲ್ಲಿ ಏನಾದರೂ ಬರೆಸಬೇಕೆನ್ನುವ ಓದುಗರಿಗೆ ಕೆಲವು ಮಾತು. ಶಿವಮೊಗ್ಗದಿಂದ ಭದ್ರಾವತಿಗೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರು, ಬಸ್ಸಿಗೆ ಬರವಿಲ್ಲ. ಭದ್ರಾವತಿಯಲ್ಲಿಳಿದು ಆಟೊ ಹಿಡಿದರೆ ಆಯಿತು. ಬೋರ್ಡಿಗೆ ಹೋಗುವಾಗ ಬರೆಯಬೇಕಾದ ಮಾತನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ, ಬರೆದ ಮೇಲೆ ಫೋನ್ ನಂಬರು ಸೇರಿಸಿ ಎನ್ನಬೇಡಿ. ಭಾವಚಿತ್ರಕ್ಕೆ ಆಧಾರ್ ಕಾರ್ಡು ಬಿಟ್ಟು ಬೇರೊಂದು ಫೋಟೊ ಹುಡುಕಿ. ಅರ್ಧ ಮುಂಗಡ ಕೊಡಿ, ಉಳಿದದ್ದನ್ನು ಒಯ್ಯುವ ದಿನವೇ ಕೊಡಿ. ಗಣಪತಿ ಬೇಕಿದ್ದರೆ ನಾಗರಪಂಚಮಿಯೊಳಗೆ ಮಣೆ ತಲುಪಿಸಬೇಕು. ಚೌತಿಯ ಹಿಂದಿನ ವಾರ ಹೊಸ ಆರ್ಡರು ಹಿಡಿಯುವುದಿಲ್ಲ.